ಸುಟ್ಟ ಗರಿ ಎಲ್ಲಿಗೆ ಹೋಯಿತು?



ವಿಭೂತಿ ಬುಧವಾರ ನಮ್ಮ ಹಣೆಗೆ ಹಚ್ಚುವ ಬೂದಿ ಎಲ್ಲಿಂದ ಬರುತ್ತದೆಂದು ಧರ್ಮೋಪದೇಶದ ತರಗತಿಯ ಮಕ್ಕಳಿಗೂ ಗೊತ್ತು. ಹಿಂದಿನ ವರ್ಷ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು ಅದನ್ನು ಸಿದ್ಧಪಡಿಸುತ್ತಾರೆ. ಒಂದು ಹೊರೆ ಗರಿ ಸುಟ್ಟರೆ ಸಿಗುವುದು ಬೊಗಸೆಯಷ್ಟು ಬೂದಿ. ಉಳಿದದ್ದು ಎಲ್ಲಿಗೆ ಹೋಯಿತು? ಹೊಗೆಯಾಯಿತು ಎನ್ನುತ್ತೇವೆ. ಆದರೆ ಕಣ್ಣಿಗೆ ಕಾಣುವ ಹೊಗೆ ಅದರ ಅಲ್ಪಭಾಗ ಮಾತ್ರ.

ಸುಮಾರು ನಾಲ್ಕು ಶತಮಾನಗಳ ಹಿಂದೆ ಬ್ರಸೆಲ್ಸ್ ನಗರದ ವಾನ್ ಹೆಲ್ಮಾಂಟ್ ಎಂಬ ವೈದ್ಯನನ್ನು ಇಂಥದೇ ಪ್ರಶ್ನೆ ಕಾಡಿತ್ತು. ಆತ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟು, ಬರೀ ನೀರು ಹೊಯ್ದು 5 ವರ್ಷ ಕಾದ. ಮರ 169 ಪೌಂಡ್ ತೂಗಿತು. ಮಣ್ಣನ್ನು ಒಣಗಿಸಿ ತೂಗಿದರೆ ಕಡಿಮೆಯಾಗಿದ್ದದ್ದು ಸುಮಾರು 2 ಔನ್ಸ್ ಮಾತ್ರ! ಹಾಗಾದರೆ ಮರವೆಲ್ಲ ನೀರಿನಿಂದಲೇ ಆದದ್ದು ಎಂದು ತೀರ್ಮಾನಿಸಿದ. ಅದು ತಪ್ಪು. ಸೋಜಿಗವೆಂದರೆ, 62 ಪೌಂಡ್ ಇದ್ದಿಲು ಸುಟ್ಟರೆ 1 ಪೌಂಡ್ ಬೂದಿ ಉಳಿಯುತ್ತದೆ, ಮಿಕ್ಕಿದ್ದು ಕಣ್ಣಿಗೆ ಕಾಣದ 'ಗ್ಯಾಸ್' ಆಗಿ ಹೋಗುತ್ತದೆ ಎಂದು ಬರೆದವನೂ ಅವನೇ. ನಮ್ಮ ಅಡುಗೆಮನೆಯವರೆಗೂ ಬಂದಿರುವ ಆ ಪದ ಅವನ ಸೃಷ್ಟಿ. ಉತ್ತರ ಅವನ ಕೈಯಲ್ಲೇ ಇತ್ತು; ಆದರೆ ಮರವನ್ನೂ ಇದ್ದಿಲನ್ನೂ ಅವನು ಜೋಡಿಸಿ ನೋಡಲಿಲ್ಲ. ಎಲೆಗಳು ಬಿಸಿಲಿನಲ್ಲಿ ಹೀರುವುದು ಅದೇ ಗ್ಯಾಸನ್ನು ಎಂದು 1782ರಲ್ಲಿ ತೋರಿಸಿಕೊಟ್ಟವನು ಜಿನೀವಾದ ಸೆನೆಬಿಯೆ ಎಂಬ ಪ್ರೊಟೆಸ್ಟೆಂಟ್ ಪಾದ್ರಿ.

ಅದೇ ಇಂಗಾಲದ ಡೈ ಆಕ್ಸೈಡ್. ಒಣಗಿದ ಗರಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ, ಅದು ಗಾಳಿಯಿಂದ ಬಂದದ್ದು. ಸುಟ್ಟಾಗ ಗಾಳಿಗೇ ಮರಳಿತು. ನಾವು ಉಣ್ಣುವ ಅನ್ನದ ಇಂಗಾಲವೂ ಉಸಿರಿನ ಮೂಲಕ ಹೊರಬಿದ್ದು, ನಾಳೆ ಬಾಳೆಗೋ ಬಸಳೆಗೋ ಸೇರುತ್ತದೆ. ಈ ತಿರುಗಾಟಕ್ಕೆ ಇಂಗಾಲದ ಚಕ್ರ ಎಂದು ಹೆಸರು. ಬೊಗಸೆಯಲ್ಲಿ ಉಳಿದ ಬೂದಿಯಾದರೋ ಬಹುಪಾಲು ಬೇರು ಮಣ್ಣಿನಿಂದ ಎತ್ತಿದ ಖನಿಜಾಂಶ. ಹಾಗೆ ನೋಡಿದರೆ ಹಣೆಯ ಮೇಲಿನದು ನಿಜವಾಗಿಯೂ ಮಣ್ಣೇ.

ಸುಡದೆ ಬಿಟ್ಟ ಎಲೆಯ ಗತಿಯೇನು? ಅಲ್ಲೇ ಇರುವುದು ನಾವು ಗಮನಿಸದ ಸಂಸಾರ. ಮಾವಿನ ಮರದಡಿ ಒಂದು ಹಿಡಿ ತರಗೆಲೆ ಸರಿಸಿ ನೋಡಿ. ಮೇಲೆ ಒಣ ಎಲೆ, ಅದರಡಿ ಜಾಲರಿಯಂತಾದ ಎಲೆ, ಅದಕ್ಕೂ ಕೆಳಗೆ ಕಪ್ಪಗೆ ತಂಪಾದ ಪುಡಿ. ಸಾವಿರಕಾಲಿನ ಹುಳ, ಎರೆಹುಳ, ಬಿಳಿ ನೂಲಿನಂಥ ಬೂಷ್ಟು, ಕಣ್ಣಿಗೆ ಬೀಳದ ಲಕ್ಷಾಂತರ ಸೂಕ್ಷ್ಮಜೀವಿಗಳು ಅಲ್ಲಿ ದುಡಿಯುತ್ತಿವೆ. ಎಲೆಯ ಇಂಗಾಲದಲ್ಲಿ ಹೆಚ್ಚಿನದನ್ನು ಇವು ಉಸಿರಾಡಿ ಗಾಳಿಗೇ ಬಿಡುತ್ತವೆ. ಒಂದಷ್ಟು ಮಾತ್ರ ಮಣ್ಣಿನಲ್ಲಿ ಉಳಿಯುತ್ತದೆ. ಆ ಒಂದಷ್ಟು ಸಣ್ಣದಲ್ಲ: ಲೋಕದ ಗಿಡಮರಗಳಲ್ಲಿ ಮತ್ತು ಗಾಳಿಯಲ್ಲಿ ಒಟ್ಟಾಗಿ ಇರುವುದಕ್ಕಿಂತ ಹೆಚ್ಚು ಇಂಗಾಲ ಮಣ್ಣಿನಲ್ಲಿದೆ.

ಗೆದ್ದಲನ್ನೇ ತೆಗೆದುಕೊಳ್ಳಿ. ಕಪಾಟಿನ ಪುಸ್ತಕ ನೆನಪಾಗಿ ನಮಗೆ ಸಿಟ್ಟು ಬರುತ್ತದೆ, ನಿಜ. ಆದರೆ ಹುತ್ತ ಕಟ್ಟುವ ಗೆದ್ದಲು ಒಣ ಎಲೆ, ಕಡ್ಡಿಗಳನ್ನು ತಿಂದು ಹುತ್ತದೊಳಗೆ ಹಲ್ಲೆ ಕಟ್ಟಿ, ಅದರ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸುತ್ತದೆ. ಗೆದ್ದಲಿಗೆ ಅರಗದ ಗಟ್ಟಿ ನಾರನ್ನು ಬೂಷ್ಟು ಕರಗಿಸಿಕೊಡುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಬದುಕದು. ಮಳೆ ಹಿಡಿದಾಗ ಹುತ್ತದ ಬಳಿ ಏಳುವ ಅಣಬೆ ಇದೇ ಬೂಷ್ಟಿನ ಹೂವಿದ್ದಂತೆ. ಅದರ ಪಲ್ಯವನ್ನು ಚಪ್ಪರಿಸುವ ನಾವು ಹುತ್ತಕ್ಕೆ ಔಷಧಿ ಸುರಿಯುತ್ತೇವೆ! ಜೀವವೈವಿಧ್ಯವೆಂದರೆ ಹುಲಿ, ಆನೆಗಳಷ್ಟೇ ಅಲ್ಲ. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದ 34ನೆಯ ಪರಿಚ್ಛೇದದಲ್ಲಿ ಅಣಬೆ, ಪಾಚಿ, ಹುಳ, ಕೀಟಗಳನ್ನು ಹೆಸರಿಸಿ, ಪರಿಸರ ವ್ಯವಸ್ಥೆ ನಡೆಯಲು ಅವೂ ಬೇಕೆಂದು ನೆನಪಿಸಿದ್ದಾರೆ.

"ಹೇಗಿದ್ದರೂ ಇಂಗಾಲ ಗಾಳಿಗೇ ಹೋಗುವುದಾದರೆ ಎಲೆ ಸುಟ್ಟರೇನು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಭೂಮಿ ಬಿಸಿಯಾಗಲು ಮುಖ್ಯ ಕಾರಣ ನಮ್ಮ ಅಂಗಳದ ಬೆಂಕಿಯಲ್ಲ. ಎಲೆಯ ಇಂಗಾಲ ನಿನ್ನೆ ಮೊನ್ನೆ ಗಾಳಿಯಿಂದ ಪಡೆದ ಸಾಲ. ಕಲ್ಲಿದ್ದಲಿನದು ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಗಂಟು. ರಾಯಚೂರಿನ ಶಕ್ತಿನಗರದಂಥ ವಿದ್ಯುತ್ ಸ್ಥಾವರಗಳಲ್ಲೂ ನಮ್ಮ ವಾಹನಗಳಲ್ಲೂ ಉರಿಯುತ್ತಿರುವುದು ಆ ಹಳೆಯ ಗಂಟು. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280ರಷ್ಟಿದ್ದ ಈ ಅನಿಲ ಈಗ 420ನ್ನು ದಾಟಿದೆ.

ಎಲೆ ಸುಡುವುದರ ನಷ್ಟ ಬೇರೆ, ಅದು ನಮ್ಮ ಕಾಲ ಬುಡದಲ್ಲೇ ಆಗುವಂಥದು. ಸಾರಜನಕದ ಬಹುಭಾಗ ಹೊಗೆಯೊಡನೆ ಹೋಗುತ್ತದೆ. ಬೂದಿಯಲ್ಲಿ ಉಳಿದ ಪೊಟ್ಯಾಷ್ ಮೊದಲ ಜಡಿಮಳೆಗೆ ತೊಳೆದುಹೋಗುತ್ತದೆ. ಕರಾವಳಿಯ ಮುರಕಲ್ಲಿನ ನೆಲ ಮೊದಲೇ ಬಡವ. ಅದಕ್ಕಿರುವ ಹೊದಿಕೆ ಈ ತರಗೆಲೆ. ಹಿರಿಯರು ಅದನ್ನು ಗುಡ್ಡದಿಂದ ಹೊತ್ತು ತಂದು ಹಟ್ಟಿಗೆ ಹಾಸಿ ಗೊಬ್ಬರ ಮಾಡುತ್ತಿದ್ದರು. ನಾವು ಅಂಗಳದಲ್ಲೇ ಬಿದ್ದದ್ದನ್ನು ಗುಡಿಸಿ ಬೆಂಕಿ ಕೊಟ್ಟು, ಆಮೇಲೆ ಗೊಬ್ಬರದ ಚೀಲಕ್ಕೆ ಹಣ ಕೊಡುತ್ತೇವೆ. ಮನೆಯಲ್ಲಿ ಉಬ್ಬಸದವರಿದ್ದರೆ ಆ ಹೊಗೆಯ ಕಷ್ಟ ಹೇಳಬೇಕಾಗಿಲ್ಲ.

ಹಾವಿನ ಭಯವೆಂದು ಮನೆಯವರು ಆಕ್ಷೇಪಿಸುವುದು ಸಹಜ. ಬಾಗಿಲ ಬಳಿ, ಮಕ್ಕಳು ಆಡುವಲ್ಲಿ ಗುಡಿಸಿಯೇ ಇಡಿ. ಗುಡಿಸಿದ ಎಲೆಯನ್ನು ಮನೆಯಿಂದ ದೂರದ ತೆಂಗಿನ ಬುಡಕ್ಕೆ ಹಾಕಿ. ಕಾಂಡಕ್ಕೆ ತಾಗದಂತೆ ಒಂದಡಿ ಬಿಟ್ಟು ಸುತ್ತ ಹರಡಿ, ಮೇಲೆ ಸ್ವಲ್ಪ ಸಗಣಿ ನೀರು ಚಿಮುಕಿಸಿ. ಮುಂದಿನ ಮಳೆಗಾಲ ಕಳೆದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಕಡೆ ಬಗೆದು ತೋರಿಸಿ. ಎಲೆಯ ನಡುವೆ ಸೇರಿಕೊಂಡ ಪ್ಲಾಸ್ಟಿಕ್ ಚೀಲ, ಗುಟ್ಕಾ ಪೊಟ್ಟಣಗಳನ್ನು ಮಾತ್ರ ಮೊದಲೇ ಹೆಕ್ಕಿ ತೆಗೆಯಿರಿ. ಅವನ್ನು ಗೆದ್ದಲೂ ಮುಟ್ಟುವುದಿಲ್ಲ.