ಘಟಸರ್ಪ ಮತ್ತು ಚೀನಾದ ಲೋಂಗ್



ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಹಬ್ಬದ ಮೊದಲ ವಾಚನ ನೆನಪಿದೆಯಲ್ಲವೇ? ಸೂರ್ಯನನ್ನು ಧರಿಸಿದ ಸ್ತ್ರೀ, ಅವಳ ಮಗುವನ್ನು ನುಂಗಲು ಕಾದು ನಿಂತ ಏಳು ತಲೆಯ ಕೆಂಪು ಘಟಸರ್ಪ (ಪ್ರಕಟನೆ 12). ಆ ವಾರವೇ ನಮ್ಮ ತಂಡದ ಹುಡುಗನೊಬ್ಬ ಚೀನಾದ ಡ್ರ್ಯಾಗನ್ ಚಿತ್ರವಿದ್ದ ಅಂಗಿ ತೊಟ್ಟು ಬಂದಿದ್ದ. "ಸೈತಾನನನ್ನು ಎದೆ ಮೇಲೆ ಹಾಕ್ಕೊಂಡು ದೇವಾಲಯಕ್ಕೆ ಬರ್ತೀಯಾ?" ಎಂದು ಹಿರಿಯರೊಬ್ಬರು ಗದರಿದರು. ಏನು ಹೇಳಬೇಕೆಂದು ತಿಳಿಯದೆ ನಾವು ಸುಮ್ಮನಿದ್ದೆವು. ಎರಡು ವಾರ ಅವನು ಯುವಕೂಟಕ್ಕೆ ಬರಲಿಲ್ಲ. ಅಂದು ಹೇಳಲಾಗದ್ದನ್ನು ಓದಿ ತಿಳಿದು ಈಗ ಬರೆಯುತ್ತಿದ್ದೇವೆ.

ಚೀನಿಯರು ಆ ಪ್ರಾಣಿಯನ್ನು ಕರೆಯುವುದು 'ಲೋಂಗ್' ಎಂದು. 'ಡ್ರ್ಯಾಗನ್' ಎಂಬುದು ಯುರೋಪಿನವರು ಅದಕ್ಕೆ ಇಟ್ಟ ಹೆಸರು. ಸಂತ ಜಾರ್ಜರ ಈಟಿಯ ಕೆಳಗೆ ಬಿದ್ದಿರುವ ರೆಕ್ಕೆಯ ಕ್ರೂರ ಪ್ರಾಣಿ ಇದಲ್ಲ. ಲೋಂಗ್ ನೀರಿಗೆ ಸೇರಿದ್ದು. ನದಿ, ಸಮುದ್ರಗಳಲ್ಲಿದ್ದು, ಮೋಡಕ್ಕೇರಿ ಮಳೆ ಸುರಿಸುತ್ತದೆ ಎಂದು ಅಲ್ಲಿನ ರೈತರು ನಂಬಿದ್ದರು. ಜಿಂಕೆಯ ಕೊಂಬು, ಒಂಟೆಯ ತಲೆ, ಮೀನಿನ ಹುರುಪೆ, ಹದ್ದಿನ ಉಗುರು. ರೆಕ್ಕೆ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. 1987ರಲ್ಲಿ ಹೆನಾನ್ ಪ್ರಾಂತ್ಯದ ಪುಯಾಂಗ್‌ನಲ್ಲಿ ಸುಮಾರು 6000 ವರ್ಷ ಹಳೆಯ ಸಮಾಧಿಯೊಂದು ಸಿಕ್ಕಿತು. ಅದರಲ್ಲಿ ಅಸ್ಥಿಪಂಜರದ ಪಕ್ಕ ಚಿಪ್ಪುಗಳನ್ನು ಜೋಡಿಸಿ ಮಾಡಿದ ಲೋಂಗ್ ಆಕೃತಿ ಇತ್ತು. ಮೋಶೆಗಿಂತಲೂ ಎಷ್ಟೋ ಹಿಂದಿನದು!

1244ರಲ್ಲಿ ಚೆನ್ ರೊಂಗ್ ಎಂಬ ಕಲಾವಿದರು ಉದ್ದನೆಯ ಸುರುಳಿಯ ಮೇಲೆ ಒಂಬತ್ತು ಲೋಂಗ್‌ಗಳನ್ನು ಚಿತ್ರಿಸಿದರು. ಮಂಜು, ಅಲೆ, ಬಂಡೆಗಳ ನಡುವೆ ಅವು ಅರ್ಧ ಕಾಣುತ್ತವೆ, ಅರ್ಧ ಮರೆಯಾಗುತ್ತವೆ. ಆ ಸುರುಳಿ ಈಗ ಅಮೆರಿಕದ ಬಾಸ್ಟನ್ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಮಿಂಗ್ ಮತ್ತು ಚಿಂಗ್ ಅರಸರ ಕಾಲದಲ್ಲಿ ಐದು ಉಗುರಿನ ಲೋಂಗ್ ಚಕ್ರವರ್ತಿಯ ಗುರುತಾಯಿತು. ಜನಸಾಮಾನ್ಯರು ಅದನ್ನು ಬಳಸುವಂತಿರಲಿಲ್ಲ. (ಔಷಧದಂಗಡಿಗಳಲ್ಲಿ 'ಲೋಂಗ್ ಮೂಳೆ' ಎಂದು ಮಾರುತ್ತಿದ್ದುದು ಪ್ರಾಚೀನ ಪ್ರಾಣಿಗಳ ಪಳೆಯುಳಿಕೆ. ಬೀಜಿಂಗ್ ಬಳಿಯ 'ಲೋಂಗ್ ಮೂಳೆ ಗುಡ್ಡ'ದಲ್ಲೇ ಪೀಕಿಂಗ್ ಮಾನವನ ಅವಶೇಷಗಳು ಸಿಕ್ಕಿದವು. ಆ ಸಂಶೋಧನೆಯಲ್ಲಿ ಯೇಸುಸಭೆಯ ಗುರು ತೆಯಾರ್ ದ ಶಾರ್ದೆನ್ ಕೂಡ ಇದ್ದರು. ವಿಜ್ಞಾನ ಓದಿದ ನಮಗೆ ಇದನ್ನು ಬಿಡಲು ಮನಸ್ಸಾಗಲಿಲ್ಲ.)

ಹಾಗೆಂದು ಲೋಂಗ್‌ಗೆ ಕೈಮುಗಿದು ಮಳೆ ಬೇಡುವುದು ನಮ್ಮ ವಿಶ್ವಾಸವಲ್ಲ. ಮಳೆ ಕೊಡುವವರು ಸೃಷ್ಟಿಕರ್ತ ದೇವರು. ಆದರೆ ಚಿತ್ರವಿರುವ ಅಂಗಿ ತೊಡುವುದು ಆರಾಧನೆಯಲ್ಲ.

ನಿಜವಾದ ತೊಡಕು ಚೀನಾದ ಕ್ರೈಸ್ತರದು. ನಮ್ಮ ಬೈಬಲಿನಲ್ಲಿ 'ಘಟಸರ್ಪ' ಎಂದಿದೆ, ತಮಿಳು ಪೂಜೆಯಲ್ಲಿ 'ಅರಕ್ಕಪ್ಪಾಂಬು' ಎಂದು ಕೇಳುತ್ತೇವೆ. ಚೀನೀ ಬೈಬಲಿನಲ್ಲಿ ಆ ಜಾಗದಲ್ಲಿರುವುದು 'ಲೋಂಗ್' ಎಂಬ ಪದವೇ! ಹೊಸವರ್ಷದಂದು ಬೀದಿಯಲ್ಲಿ ಕುಣಿಯುವುದೂ ಲೋಂಗ್, ಮಗುವನ್ನು ನುಂಗಲು ಕಾಯುವುದೂ ಲೋಂಗ್. ಯೊವಾನ್ನರು ತಾವು ಕಂಡದ್ದು ಯಾರನ್ನು ಎಂದು 12:9ರಲ್ಲಿ ಬಿಡಿಸಿ ಹೇಳಿರುವುದರಿಂದ, ಪದ ಒಂದೇ ಆದರೂ ಅವರು ಗೊಂದಲವಿಲ್ಲದೆ ಓದಬಹುದು.

ಇನ್ನೊಂದು ವಿಷಯ. ಕೀರ್ತನೆ 148:7ರಲ್ಲಿ ದೇವರನ್ನು ಸ್ತುತಿಸಲು ಕರೆಯಲಾದ ಜಲಜಂತುಗಳಿಗೆ ಹಳೆಯ ಗ್ರೀಕ್ ಅನುವಾದದಲ್ಲಿರುವುದು 'ದ್ರಾಕೋನ್' ಎಂಬ ಪದ. ಯೊವಾನ್ನರು ಘಟಸರ್ಪಕ್ಕೆ ಬಳಸಿದ್ದೂ ಅದನ್ನೇ.

ಬರುವ ಭಾನುವಾರ ಪೂಜೆಯ ನಂತರ ಈ ಎರಡೂ ಭಾಗಗಳನ್ನು ಒಟ್ಟಿಗೆ ಓದೋಣ, ಬೈಬಲ್ ತನ್ನಿ. ಗದರಿದ ಹಿರಿಯರನ್ನೂ ಕರೆದಿದ್ದೇವೆ, ಬರುತ್ತೇನೆ ಎಂದಿದ್ದಾರೆ. ಆ ತಮ್ಮನಿಗೆ ಅದೇ ಅಂಗಿ ತೊಟ್ಟು ಬಾ ಎಂದು ಹೇಳಿದ್ದೇವೆ.