ಕಾಡಂಚಿನ ಮನೆಗಳನ್ನು ಬೆಂಕಿಯಿಂದ ಕಾಯುವದನ್ನು ಕುರಿತು



ಮಳೆಗಾಲವು ಕಳೆದು ಸುಗ್ಗಿಯು ಮುಗಿದ ತರುವಾಯ ಕಾಡಂಚಿನಲ್ಲಿ ವಾಸಿಸುವವರಿಗೆ ಅಂಜಿಕೆಯ ಕಾಲವೊಂದು ಬರುತ್ತದೆ. ಜನವರಿಯಿಂದ ಮೇ ತಿಂಗಳಿನ ವರೆಗೆ ಹುಲ್ಲು ಒಣಗಿ ನಿಲ್ಲುತ್ತದೆ. ಎಲೆಯುದುರುವ ಕಾಡಿನ ನೆಲವೆಲ್ಲಾ ತರಗೆಲೆಯಿಂದ ಮುಚ್ಚಿಹೋಗುತ್ತದೆ. ಮಧ್ಯಾಹ್ನದ ಒಣಗಾಳಿಯು ಸಣ್ಣ ಕಿಡಿಯನ್ನು ದೊಡ್ಡ ಉರಿಯಾಗಿ ಮಾಡಲು ಕಾದುಕೊಂಡಿರುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಗಾದೆಯನ್ನು ಬಲ್ಲವರಲ್ಲಿ ಬಾವಿಯನ್ನು ಮುಂಚಿತವಾಗಿ ತೋಡಿಟ್ಟವರು ಎಷ್ಟು ಮಂದಿ? ಆದಕಾರಣ ಕಾಡ್ಗಿಚ್ಚು ಮನೆಗೆ ಹೇಗೆ ಬರುತ್ತದೆ, ಅದು ಬರುವ ಮುಂಚೆ ನಾವು ಮಾಡತಕ್ಕದ್ದೇನು ಎಂಬ ಎರಡು ಸಂಗತಿಗಳನ್ನು ಈ ಪಾಠದಲ್ಲಿ ವಿಚಾರಿಸೋಣ.

1. ದೊಡ್ಡ ಸಹಾಯವು ತಡವಾಗಿ ಬರುತ್ತದೆ

2019ನೇ ಫೆಬ್ರವರಿ ತಿಂಗಳಿನಲ್ಲಿ ಬಂಡೀಪುರದ ಕಾಡಿಗೆ ಬಿದ್ದ ಬೆಂಕಿಯು ನಾಲ್ಕು ಸಾವಿರ ಹೆಕ್ಟೇರಿಗಿಂತ ಹೆಚ್ಚು, ಅಂದರೆ ಸುಮಾರು ಹತ್ತು ಸಾವಿರ ಎಕರೆ, ಕಾಡನ್ನು ಸುಟ್ಟಿತು. ಅರಣ್ಯ ಇಲಾಖೆಯವರೂ ಸುತ್ತಣ ಹಳ್ಳಿಗಳ ಜನರೂ ದೂರದಿಂದ ಬಂದ ಸ್ವಯಂಸೇವಕರೂ ಹಸಿರು ಸೊಪ್ಪಿನ ಕೊಂಬೆಗಳಿಂದ ಬಡಿದು ಬಡಿದು ದಣಿದರು. ಕಡೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ಆಕಾಶದಿಂದ ನೀರನ್ನು ಸುರಿಸಿದವು. ಆದರೆ ಅವು ಬಂದದ್ದು ಬೆಂಕಿ ಬಿದ್ದು ಕೆಲವು ದಿನಗಳಾದ ಮೇಲೆಯೇ. ಇದರಲ್ಲಿ ಯಾರನ್ನೂ ದೂರುವದು ನಮ್ಮ ಉದ್ದೇಶವಲ್ಲ. ಕಾಡು ವಿಸ್ತಾರವಾದದ್ದು, ದಾರಿಗಳು ಕಡಿದಾದವುಗಳು, ಗಾಳಿಯು ಯಾರ ಮಾತನ್ನೂ ಕೇಳುವದಿಲ್ಲ. ಬೆಂಕಿಯ ಮೊದಲನೆಯ ತಾಸು ಯಾವಾಗಲೂ ಹತ್ತಿರದಲ್ಲಿರುವವನದೇ ಎಂಬದನ್ನು ಮಾತ್ರ ನಾವು ತಿಳುಕೊಳ್ಳಬೇಕು.

2. ಮನೆಯು ಹೇಗೆ ಹೊತ್ತಿಕೊಳ್ಳುತ್ತದೆ?

ಕಾಡಿನ ಬೆಂಕಿಯು ಎತ್ತರವಾದ ಗೋಡೆಯಂತೆ ಬಂದು ಮನೆಯನ್ನು ನುಂಗಿಬಿಡುತ್ತದೆಂದು ಅನೇಕರು ತಿಳಿಯುತ್ತಾರೆ. ಇದು ನಿಜವೋ ಎಂಬದನ್ನು ಬಹಳ ಶ್ರದ್ಧೆಯಿಂದ ಶೋಧಿಸಿದವರಲ್ಲಿ ಅಮೇರಿಕದವರು ಮುಖ್ಯರು. ಯಾಕಂದರೆ ಈ ನಷ್ಟವು ಅವರಿಗೆ ಪದೇಪದೇ ಒದಗಿತು. ಅವುಗಳಲ್ಲಿ ಒಂದನ್ನು ಇಲ್ಲಿ ತಿಳಿಸುತ್ತೇವೆ.

ಕ್ಯಾಲಿಫೋರ್ನಿಯ ಸೀಮೆಯ ಬೆಟ್ಟದ ಮೇಲೆ, ದೇವದಾರುವಿನ ಜಾತಿಯ ಮರಗಳ ನಡುವೆ, ಪ್ಯಾರಡೈಸ್ ಎಂಬ ಊರು ಇತ್ತು. ಅದರಲ್ಲಿ ಸುಮಾರು 26,000 ಜನರು ವಾಸವಾಗಿದ್ದರು. 2018ನೇ ನವೆಂಬರ್ 8ರ ಬೆಳಗ್ಗೆ ದೂರದ ಕಣಿವೆಯಲ್ಲಿ ವಿದ್ಯುತ್ ತಂತಿಯಿಂದ ಬೆಂಕಿ ಹುಟ್ಟಿತು. ಮಳೆಯು ತಡವಾಗಿದ್ದ ಕಾರಣ ನೆಲವೆಲ್ಲಾ ಒಣಗಿತ್ತು, ಗಾಳಿಯೂ ಬಲವಾಗಿತ್ತು. ಕೆಲವು ತಾಸುಗಳೊಳಗೆ ಊರಿನ ಹೆಚ್ಚಿನ ಭಾಗವು ಉರಿಯುತ್ತಿತ್ತು. ಆ ಬೆಂಕಿಯಲ್ಲಿ 85 ಮಂದಿ ಸತ್ತರು. 18,000ಕ್ಕಿಂತ ಹೆಚ್ಚು ಕಟ್ಟಡಗಳು ನಾಶವಾದವು. ಆದರೆ ಬೆಂಕಿ ಆರಿದ ಮೇಲೆ ಹೋಗಿ ನೋಡಿದವರು ಒಂದು ಆಶ್ಚರ್ಯವನ್ನು ಕಂಡರು. ಬೀದಿ ಬೀದಿಗಳಲ್ಲಿ ಮನೆಗಳು ಬೂದಿಯಾಗಿದ್ದರೂ ಅವುಗಳ ಪಕ್ಕದಲ್ಲಿದ್ದ ಎಷ್ಟೋ ಮರಗಳು ಹಸಿರು ಎಲೆಗಳೊಂದಿಗೆ ನಿಂತಿದ್ದವು! ಬೆಂಕಿಯ ಗೋಡೆಯು ಊರನ್ನು ನುಂಗಿದ್ದರೆ ಮರಗಳು ಉಳಿಯುವದು ಹೇಗೆ?

ಇದಕ್ಕೆ ಉತ್ತರವೇನಂದರೆ, ಅಂಥ ಬೆಂಕಿಗಳಲ್ಲಿ ಬಹಳ ಮನೆಗಳು ಹೊತ್ತಿಕೊಳ್ಳುವದು ಗಾಳಿಯಲ್ಲಿ ಹಾರಿಬರುವ ಕಿಡಿಗಳಿಂದಲೇ. ಕಿಡಿಯು ಒಂದು ಮೈಲಿಗಿಂತಲೂ ಹೆಚ್ಚು ದೂರ ಹಾರಬಲ್ಲದು. ಅದು ಕಲ್ಲಿನ ಮೇಲೆ ಬಿದ್ದರೆ ಸಾಯುತ್ತದೆ. ಸೂರಿನಲ್ಲಿ ಸಿಕ್ಕಿಕೊಂಡ ತರಗೆಲೆಯ ಮೇಲೆ ಬಿದ್ದರೆ ಬದುಕುತ್ತದೆ. ಒಂದು ಮನೆ ಹತ್ತಿದ ಮೇಲೆ ಅದರ ಝಳವೂ ಅದರಿಂದೇಳುವ ಕೊಳ್ಳಿಗಳೂ ನೆರೆಮನೆಯನ್ನು ಹಿಡಿಯುತ್ತವೆ. ಹೀಗೆ ಆ ಊರಿನಲ್ಲಿ ಕಾಡು ಮನೆಯನ್ನು ಸುಟ್ಟದ್ದಕ್ಕಿಂತ ಮನೆಯು ಮನೆಯನ್ನು ಸುಟ್ಟದ್ದೇ ಹೆಚ್ಚು.

ಅಮೇರಿಕದ ಅರಣ್ಯ ಇಲಾಖೆಯ ಜ್ಯಾಕ್ ಕೋಹೆನ್ ಎಂಬ ಶೋಧಕರು ಇದಕ್ಕೆ ಮುಂಚೆಯೇ, 1990ರ ದಶಕದ ಕೊನೆಯಲ್ಲಿ, ಕೆನಡಾ ದೇಶದ ಕಾಡಿನಲ್ಲಿ ಪರೀಕ್ಷೆ ನಡಿಸಿದ್ದರು. ಮರದ ಹಲಗೆಯ ಗೋಡೆಗಳನ್ನು ಕಾಡಿನಿಂದ ಬೇರೆ ಬೇರೆ ದೂರಗಳಲ್ಲಿ ನಿಲ್ಲಿಸಿ, ಮರಗಳ ತುದಿಯ ವರೆಗೂ ಉರಿಯುವ ಬೆಂಕಿಯನ್ನು ಹಚ್ಚಿ ನೋಡಿದರು. ಹತ್ತು ಮೀಟರ್ ದೂರದ ಗೋಡೆಯು ಕೆಲವು ಸಾರಿ ಹೊತ್ತಿಕೊಂಡಿತು. ಮೂವತ್ತು ಮೀಟರ್, ಅಂದರೆ ಸುಮಾರು ನೂರು ಅಡಿ, ದೂರದ ಗೋಡೆಯು ಹೊತ್ತಲೇ ಇಲ್ಲ. ಇದರಿಂದ ನಾವು ಕಲಿಯತಕ್ಕದ್ದೇನು? ಮನೆಯ ಅಳಿವು ಉಳಿವುಗಳು ದೂರದ ಬೆಟ್ಟದಲ್ಲಿ ಅಲ್ಲ, ಮನೆಯಲ್ಲಿಯೂ ಅದರ ಸುತ್ತಣ ನೂರು ಅಡಿಗಳಲ್ಲಿಯೂ ತೀರ್ಮಾನವಾಗುತ್ತವೆ. ಬೆಟ್ಟವನ್ನು ಕಾಯುವದು ಬಡವನ ಕೈಲಾಗದು. ಅಂಗಳವನ್ನು ಕಾಯುವದು ಕೈಲಾಗುವ ಕೆಲಸವೇ.

3. ಮನೆಯ ಸುತ್ತಣ ಮೂರು ಬಳಸುಗಳು

ಕ್ಯಾಲಿಫೋರ್ನಿಯದ ಬೆಂಕಿ ಇಲಾಖೆಯವರು ಮನೆಯ ಸುತ್ತಣ ನೆಲವನ್ನು ಮೂರು ಬಳಸುಗಳಾಗಿ ವಿಭಾಗಿಸಿ ಕಲಿಸುತ್ತಾರೆ. ಅದನ್ನು ನಮ್ಮ ಮನೆಗಳಿಗೆ ಹೊಂದಿಸಿ ಹೇಳುವದಾದರೆ:

ಮೊದಲನೆಯ ಬಳಸು, ಗೋಡೆಯಿಂದ ಐದು ಅಡಿ. ಇಲ್ಲಿ ಉರಿಯುವ ಪದಾರ್ಥವೇ ಇರಕೂಡದು. ಸೌದೆ, ತೆಂಗಿನ ಗರಿ, ಅಡಿಕೆಯ ಹಾಳೆ, ಗೋಣಿಚೀಲ, ಪ್ಲಾಸ್ಟಿಕ್ ಹೊದಿಕೆ ಇವುಗಳನ್ನು ಗೋಡೆಗೆ ಒರಗಿಸಿಡುವದು ನಮ್ಮಲ್ಲಿ ವಾಡಿಕೆ. ಬೇಸಿಗೆಯಲ್ಲಿ ಇದೇ ಮನೆಗೆ ಮೃತ್ಯುವಾಗಬಹುದು. ಸಗಣಿ ಸಾರಿಸಿದ ಬರೀ ನೆಲವೂ ಕಲ್ಲುಚಪ್ಪಡಿಯೂ ಇಲ್ಲಿ ಉತ್ತಮ.

ಎರಡನೆಯ ಬಳಸು, ಮೂವತ್ತು ಅಡಿಗಳ ವರೆಗೆ. ಒಣಹುಲ್ಲನ್ನು ಕೊಯ್ದು ತರಗೆಲೆಯನ್ನು ಗುಡಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಕಡಿಯಬೇಕು. ಹುಲ್ಲಿನ ಬಣವೆಯನ್ನೂ ಸೌದೆಯ ರಾಶಿಯನ್ನೂ ಈ ಬಳಸಿನಿಂದ ಆಚೆಗೆ ಸಾಗಿಸಬೇಕು. ಸಾಗಿಸಿದ ಮೇಲೆ ಅವುಗಳ ಸುತ್ತಲೂ ಹತ್ತು ಅಡಿಯಷ್ಟು ನೆಲವನ್ನು ಮಣ್ಣು ಕಾಣುವ ಹಾಗೆ ಕೆರೆದಿಡಬೇಕು. ಬಣವೆಯು ಕೊಟ್ಟಿಗೆಯ ಹತ್ತಿರ ಇದ್ದರೆ ಹುಲ್ಲು ಹಾಕುವದು ಸುಲಭವೆಂಬದು ನಿಜ. ಆದರೆ ಆ ಸುಲಭಕ್ಕಾಗಿ ಒಂದೇ ಕಿಡಿಯಿಂದ ಬಣವೆಯೂ ಕೊಟ್ಟಿಗೆಯೂ ದನಕರುಗಳೂ ಹೋಗುವವು.

ಮೂರನೆಯ ಬಳಸು, ನೂರು ಅಡಿಗಳ ವರೆಗೆ. ಇಲ್ಲಿ ಮರಗಳನ್ನೆಲ್ಲಾ ಕಡಿಯಬೇಕಾಗಿಲ್ಲ. ಹುಲ್ಲನ್ನು ನಾಲ್ಕು ಅಂಗುಲಕ್ಕಿಂತ ಎತ್ತರ ಬೆಳೆಯಗೊಡಬಾರದು. ಮರಗಳ ಕೆಳಗೊಂಬೆಗಳನ್ನು ನೆಲದಿಂದ ಆರು ಅಡಿಗಳ ವರೆಗೆ ಸವರಬೇಕು. ಮರದ ಬುಡದಲ್ಲಿಯ ಪೊದೆಗಳನ್ನು ತೆಗೆಯಬೇಕು. ಯಾಕಂದರೆ ಬೆಂಕಿಯು ಹುಲ್ಲಿನಿಂದ ಪೊದೆಗೂ ಪೊದೆಯಿಂದ ಕೊಂಬೆಗೂ ಏಣಿಯನ್ನು ಹತ್ತಿದಂತೆ ಹತ್ತುತ್ತದೆ. ಲಂಟಾನ ಪೊದೆಯು ವಿಶೇಷವಾಗಿ ಇಂಥ ಏಣಿಯಾಗಿದೆ. ಮನೆಯು ಇಳಿಜಾರಿನ ಮೇಲಿದ್ದರೆ ಕೆಳಗಣ ಪಕ್ಕದಲ್ಲಿ ಹೆಚ್ಚು ದೂರ ಸವರಬೇಕು. ಬೆಂಕಿಯು ಏರನ್ನು ಬಹು ಬೇಗ ಹತ್ತುವದು. ಹತ್ತು ಡಿಗ್ರಿಯ ಏರಿನಲ್ಲಿ ಅದರ ವೇಗವು ಸುಮಾರು ಇಮ್ಮಡಿಯಾಗುತ್ತದೆ.

ಒಣಮುಳ್ಳಿನ ಬೇಲಿಯ ವಿಷಯದಲ್ಲಿ ಒಂದು ಮಾತು. ಅದು ಕಾಡಿನಿಂದ ಮನೆಯ ಗೋಡೆಯ ವರೆಗೆ ತಡೆಯಿಲ್ಲದೆ ಬಂದಿದ್ದರೆ ಬೆಂಕಿಗೆ ನಾವೇ ದಾರಿ ಹಾಕಿಕೊಟ್ಟ ಹಾಗಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬದು ಇದಕ್ಕೂ ಸಲ್ಲುತ್ತದೆ. ಗೋಡೆಯ ಹತ್ತಿರದ ಐದು ಅಡಿಗಳಲ್ಲಿ ಮುಳ್ಳನ್ನು ತೆಗೆದು ಕಲ್ಲನ್ನಾದರೂ ಮಣ್ಣನ್ನಾದರೂ ಹಾಕಬೇಕು.

ಇಲ್ಲಿ ಎಚ್ಚರಿಕೆಯೂ ಬೇಕು. ನಿಮ್ಮ ನೂರು ಅಡಿಗಳೊಳಗೆ ಸರಕಾರದ ಕಾಡು ಸೇರಿದ್ದರೆ ಅಲ್ಲಿ ನೀವಾಗಿ ಕತ್ತಿ ಹಾಕಬಾರದು, ಅದು ಅಪರಾಧ. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಬೆಂಕಿರೇಖೆಗಳನ್ನು ಸವರಿಸುವದುಂಟು. ಗ್ರಾಮ ಪಂಚಾಯಿತಿಯ ಮೂಲಕ ಮುಂಚಿತವಾಗಿ ಅರ್ಜಿ ಕೊಟ್ಟು ನಿಮ್ಮ ಊರಿನ ಅಂಚನ್ನೂ ಅದರಲ್ಲಿ ಸೇರಿಸಬೇಕೆಂದು ಕೇಳಿಕೊಳ್ಳಿರಿ.

4. ಮಾಡಿನ ವಿಷಯ

ಹುಲ್ಲು ಮತ್ತು ಗರಿಗಳ ಮಾಡು ಕಿಡಿಗೆ ಬಲು ಬೇಗ ಹೊತ್ತಿಕೊಳ್ಳುತ್ತದೆ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಸುಟ್ಟ ಮಣ್ಣಿನ ಹಂಚು ಕರಾವಳಿಯಲ್ಲಿಯೂ ಘಟ್ಟದ ಮೇಲೆಯೂ ಹಬ್ಬಿತು. ಹಂಚು ತಾನಾಗಿ ಉರಿಯುವದಿಲ್ಲ. ಆದರೂ ಹಂಚಿನ ಮನೆಯವರು ನಿಶ್ಚಿಂತರಾಗಿ ಮಲಗಕೂಡದು. ಒಡೆದ ಹಂಚಿನ ಸಂದಿನಲ್ಲಿ ತರಗೆಲೆಯೂ ಇಲಿಗಳ ಮತ್ತು ಗುಬ್ಬಚ್ಚಿಗಳ ಗೂಡುಗಳೂ ಸೇರಿರುತ್ತವೆ. ಕೆಳಗೆ ರೀಪು ಮತ್ತು ತೊಲೆಗಳು ಒಣಗಿರುತ್ತವೆ. ಕಿಡಿಯು ಹೊಕ್ಕರೆ ಮನೆಯು ಒಳಗಿನಿಂದಲೇ ಉರಿಯುವದು. ಆದಕಾರಣ ವರುಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಹಂಚು ಕೈಯಾಡಿಸಿ ಸಂದುಗಳನ್ನು ಮುಚ್ಚಿಸಬೇಕು. ಗವಾಕ್ಷಿಗಳಿಗೆ ಮೂರು ಮಿಲಿಮೀಟರಿನಷ್ಟು ಸಣ್ಣ ಕಣ್ಣಿನ ಲೋಹದ ಜಾಲರಿಯನ್ನು ಬಡಿಯಬೇಕು. ಕಟ್ಟುವ ರೀತಿಯು ಮನೆಯನ್ನು ಉಳಿಸುತ್ತದೆಂಬದಕ್ಕೆ ಪ್ಯಾರಡೈಸ್ ಊರೇ ಸಾಕ್ಷಿ. ಅಲ್ಲಿ 1997ಕ್ಕೆ ಮುಂಚೆ ಕಟ್ಟಿದ ಒಂಟಿಮನೆಗಳಲ್ಲಿ ನೂರಕ್ಕೆ ಹನ್ನೆರಡರಷ್ಟು ಮಾತ್ರ ಉಳಿದವು. ಆಮೇಲೆ ಕಟ್ಟಿದವುಗಳಲ್ಲಿ ನೂರಕ್ಕೆ ಮೂವತ್ತೆಂಟಕ್ಕಿಂತ ಹೆಚ್ಚು ಉಳಿದವು.

ಹಂಚು ಹೊದಿಸಲು ಶಕ್ತಿಯಿಲ್ಲದವರು ನಿರಾಶೆಪಡಬಾರದು. ಪೊರಕೆ, ಕುಡುಗೋಲು, ಗುದ್ದಲಿ ಈ ಮೂರರಿಂದ ಆಗುವ ಕೆಲಸವೇ ಹೆಚ್ಚಿನದು. ಇವುಗಳಿಗೆ ಹಣ ಬೇಡ, ಮನಸ್ಸು ಬೇಕು.

5. ಬೆಂಕಿಯನ್ನು ಹುಟ್ಟಿಸದಿರುವದು

ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟಿತೆಂದು ಹೇಳಿ ಸುಮ್ಮನಾಗುವವರುಂಟು. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹು ಪಾಲು ಮನುಷ್ಯರಿಂದಲೇ ಹುಟ್ಟುತ್ತವೆ. ಎಸೆದ ಬೀಡಿ, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಕಿಚ್ಚು, ಗದ್ದೆಯ ಕೂಳೆಗೆ ಇಟ್ಟ ಉರಿ, ಆರಿಸದೆ ಬಿಟ್ಟ ಒಲೆ, ಇವೇ ಅದರ ಬೀಜಗಳು. ಒಬ್ಬನು ಹಚ್ಚಿದ ಬೆಂಕಿಯು ಮುಳ್ಳುಗಿಡಗಳಿಗೆ ಹತ್ತಿ ಮತ್ತೊಬ್ಬನ ಬೆಳೆಯನ್ನು ಸುಟ್ಟರೆ ಹಚ್ಚಿದವನೇ ನಷ್ಟವನ್ನು ತುಂಬಿಕೊಡಬೇಕೆಂಬ ವಿಧಿಯು ಮೋಶೆಯ ಧರ್ಮಶಾಸ್ತ್ರದಲ್ಲಿದೆ. ನನ್ನ ಹೊಲ, ನನ್ನ ಕಡ್ಡಿ ಎಂದು ಹೇಳುವವನು ಇದನ್ನು ನೆನಸಬೇಕು.

ಕಸವನ್ನು ಸುಡುವದಕ್ಕಿಂತ ಗೊಬ್ಬರ ಮಾಡುವದೇ ಮೇಲು. ಸುಡಲೇಬೇಕಾದರೆ ಗಾಳಿಯಿಲ್ಲದ ಮುಂಜಾನೆಯಲ್ಲಿ, ಸುತ್ತಲೂ ನೆಲವನ್ನು ಕೆರೆದು, ನೀರನ್ನು ಪಕ್ಕದಲ್ಲಿಟ್ಟುಕೊಂಡು, ಬೂದಿಯು ತಣ್ಣಗಾಗುವ ವರೆಗೆ ಬಿಟ್ಟುಹೋಗದೆ ಕಾಯಬೇಕು. ಜೋತುಬಿದ್ದ ವಿದ್ಯುತ್ ತಂತಿಗೆ ಬಿದಿರು ತಗಲುತ್ತಿದ್ದರೆ ನೀವೇ ಕಡಿಯಲು ಹೋಗದೆ ಲೈನ್‌ಮನ್ನನಿಗೆ ತಿಳಿಸಿರಿ.

6. ಬೆಂಕಿ ಬಂದರೆ

ಹೊಗೆ ಕಂಡ ಕೂಡಲೆ 101ಕ್ಕಾಗಲಿ 112ಕ್ಕಾಗಲಿ ಫೋನು ಮಾಡಿ ಊರಿನವರನ್ನು ಕೂಗಿರಿ. ಗ್ಯಾಸಿನ ಸಿಲಿಂಡರನ್ನು ಮುಚ್ಚಿರಿ. ಕೊಟ್ಟಿಗೆಯ ದನಗಳ ಹಗ್ಗವನ್ನು ಬಿಚ್ಚಿರಿ. ಬಿಚ್ಚಲು ಸಮಯವಿಲ್ಲದಿದ್ದರೆ ಕೊಯ್ಯಿರಿ. ನೈಲಾನ್ ಬಟ್ಟೆಯು ಕರಗಿ ಮೈಗೆ ಅಂಟಿಕೊಳ್ಳುವದು. ಹತ್ತಿಯ ಬಟ್ಟೆಯನ್ನು ತೊಡಿರಿ. ಬೆಟ್ಟದ ಮೇಲಕ್ಕೆ ಓಡಬೇಡಿರಿ. ಉತ್ತ ಹೊಲ, ಕೆರೆಯಂಗಳ, ಆಗಲೇ ಸುಟ್ಟು ಕರಿಯಾದ ನೆಲ ಇವುಗಳ ಕಡೆಗೆ ಹೋಗಿರಿ. ಮನೆಯನ್ನು ತಿರಿಗಿ ಕಟ್ಟಬಹುದು. ಪ್ರಾಣವನ್ನು ತಿರಿಗಿ ತರಲಾಗದು.

ಪ್ಯಾರಡೈಸಿನಲ್ಲಿ ಸತ್ತವರಲ್ಲಿ ಹೆಚ್ಚಿನವರು 65 ವರುಷ ದಾಟಿದ ವೃದ್ಧರು. ಊರಿನಿಂದ ಹೊರಡುವ ದಾರಿಗಳು ಕೆಲವೇ ಇದ್ದವು. ಅವು ವಾಹನಗಳಿಂದ ತುಂಬಿಹೋದವು. ನಡೆಯಲಾರದವರಿಗೂ ಒಬ್ಬಂಟಿಗರಿಗೂ ಬೇಗನೆ ತಪ್ಪಿಸಿಕೊಳ್ಳುವದು ಕಷ್ಟ. ಆದದರಿಂದ ಪ್ರತಿಯೊಂದು ಊರಿನವರು ಬೇಸಿಗೆ ಬರುವ ಮುಂಚೆ ಕೂಡಿಬಂದು, ಹಾಸಿಗೆ ಹಿಡಿದ ಅಜ್ಜಿಯನ್ನು ಹೊರುವವರಾರು, ಒಂಟಿ ವಿಧವೆಯ ಬಾಗಿಲನ್ನು ತಟ್ಟುವವರಾರು, ಕಣ್ಣು ಕಾಣದವನ ಕೈ ಹಿಡಿಯುವವರಾರು ಎಂಬದನ್ನು ಹೆಸರು ಹಿಡಿದು ಗೊತ್ತುಮಾಡಬೇಕು. ಎಲ್ಲರೂ ನೋಡಿಕೊಳ್ಳುತ್ತಾರೆಂಬ ಕೆಲಸವನ್ನು ಯಾರೂ ನೋಡಿಕೊಳ್ಳುವದಿಲ್ಲ.

ಕಡೆಯದಾಗಿ ಒಂದು ಮಾತು. ನಿಮ್ಮ ಅಂಗಳವು ಕನ್ನಡಿಯಂತೆ ಶುದ್ಧವಾಗಿದ್ದು ನೆರೆಯವನ ಬಣವೆಯು ನಿಮ್ಮ ಗೋಡೆಗೆ ತಗಲಿದ್ದರೆ ನಿಮ್ಮ ಶ್ರಮವು ಅರ್ಧ ವ್ಯರ್ಥ. ಅವನನ್ನು ಬೈದು ಪ್ರಯೋಜನವಿಲ್ಲ. ಅವನು ಮುಪ್ಪಿನವನೂ ಬಡವನೂ ಆಗಿರಬಹುದು. ಒಂದು ದಿನ ನಾಲ್ಕು ಮಂದಿ ಸೇರಿ ಅವನ ಬಣವೆಯನ್ನು ಸಾಗಿಸಿಕೊಡಿರಿ. ಅದು ಅವನಿಗೆ ಉಪಕಾರವೂ ನಿಮಗೆ ಕಾವಲೂ ಆಗುವದು.

ಓದಿದ ಮೇಲೆ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಪ್ಯಾರಡೈಸಿನಲ್ಲಿ ಮನೆಗಳು ಸುಟ್ಟರೂ ಎಷ್ಟೋ ಮರಗಳು ಉಳಿದದ್ದು ಯಾಕೆ?
2. ನಿಮ್ಮ ಮನೆಯ ಗೋಡೆಯಿಂದ ಐದು ಅಡಿಗಳೊಳಗೆ ಉರಿಯತಕ್ಕ ವಸ್ತುಗಳು ಯಾವುವು? ಎಣಿಸಿ ನೋಡಿರಿ.
3. ನಿಮ್ಮ ಬಣವೆಗೂ ಕೊಟ್ಟಿಗೆಗೂ ನಡುವೆ ಎಷ್ಟು ಅಡಿ? ಹೆಜ್ಜೆಯಿಂದ ಅಳೆಯಿರಿ.
4. ಬೆಂಕಿ ಬಂದರೆ ನಿಮ್ಮ ಬೀದಿಯಲ್ಲಿ ತಾನಾಗಿ ಓಡಲಾರದವರು ಯಾರು? ಅವರನ್ನು ಕರತರುವವರು ಯಾರು?