ನಕ್ಷೆಗಿಂತ ಮೊದಲು ನೆಲ

ಮಗಳೇ,

ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಕೆಲಸಕ್ಕೆ ಸೇರುತ್ತಿದ್ದೀಯ ಎಂದು ನಿಮ್ಮಪ್ಪ ಫೋನ್ ಮಾಡಿ ಹೇಳಿದ. ತುಂಬಾ ಸಂತೋಷವಾಯಿತು. ಸುಸ್ಥಿರ ನಗರ ಅಂದರೇನು ಎಂದು ಕಾಲೇಜಿನಲ್ಲಿ ನೀನು ಬೇಕಾದಷ್ಟು ಓದಿರುತ್ತೀಯ, ಅದನ್ನೇ ಮತ್ತೆ ಹೇಳಿ ತಲೆ ತಿನ್ನುವುದಿಲ್ಲ. ಇದೇ ಕೆಲಸದಲ್ಲಿ ತಲೆ ನರೆತ ದೊಡ್ಡಪ್ಪನಾಗಿ ಹೇಳುವುದು ಒಂದೇ ಮಾತು: ನಿನ್ನ ಮೇಜಿಗೆ ಬರುವ ಯಾವ ಜಮೀನೂ ಖಾಲಿ ಇರುವುದಿಲ್ಲ. ಅಲ್ಲಿ ಮೊದಲಿನಿಂದಲೂ ನೀರು ಹರಿಯುತ್ತಿರುತ್ತದೆ, ಜನ ಓಡಾಡುತ್ತಿರುತ್ತಾರೆ, ಯಾರೋ ದುಡಿದು ಉಣ್ಣುತ್ತಿರುತ್ತಾರೆ. ಈ ಮೂವರನ್ನು ವಿಚಾರಿಸಿಕೊಂಡು ಗೆರೆ ಎಳೆ.

ಮೊದಲು ನೀರು. ಬಡಾವಣೆಯ ಕಡತ ಬಂದಾಗ ಡೆವಲಪರ್ ಕೊಟ್ಟ ಬಣ್ಣದ ನಕ್ಷೆಯನ್ನು ಪಕ್ಕಕ್ಕಿಟ್ಟು, ಆ ಊರಿನ ಹಳೆಯ ಗ್ರಾಮ ನಕಾಶೆ ತರಿಸು. ಹಳ್ಳ, ರಾಜಕಾಲುವೆ, ಬಂಡಿದಾರಿ, ಕೆರೆಯಂಗಳ ಎಲ್ಲವೂ ಅದರಲ್ಲಿರುತ್ತವೆ. ಆಕಾರಬಂದಿನಲ್ಲಿ ಬಿ ಖರಾಬು, ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ, ಎಷ್ಟು ಗುಂಟೆ ತೋರಿಸಿದೆ ಎಂದು ನೋಡು. ಎಷ್ಟೋ ಸಲ ಆ ನಾಲ್ಕಾರು ಗುಂಟೆಗಳೇ ಸುತ್ತಲಿನ ಹೊಲಗಳ ಮಳೆನೀರಿಗೆಲ್ಲ ದಾರಿ. ಎರಡು ನಕ್ಷೆಗಳನ್ನು ಒಂದರ ಮೇಲೊಂದಿಟ್ಟರೆ ಯಾವ ಸೈಟು ಕಾಲುವೆಯ ಮೇಲೆ ಕೂತಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಜಾಗಕ್ಕೆ ಹೋಗು. ಬೇಸಿಗೆಯಲ್ಲೊಮ್ಮೆ ನೋಡಿದರೆ ಸಾಲದು, ಜೋರು ಮಳೆ ಬಿದ್ದ ಮರುದಿನವೂ ಹೋಗಬೇಕು. ನೀರುಗಂಟಿ ಕೆಲಸ ಮಾಡಿದ ಮನೆತನದವರು ಸಿಕ್ಕರೆ, ಕೆರೆ ಕೋಡಿ ಬಿದ್ದಾಗ ನೀರು ಎಲ್ಲಿಯವರೆಗೆ ಬರುತ್ತಿತ್ತು ಎಂದು ಕೇಳು. ಅವರು ಕೈ ಮಾಡಿ ತೋರಿಸುವ ಜಾಗ ಯಾವ ಸಾಫ್ಟ್‌ವೇರಿನಲ್ಲೂ ಇರುವುದಿಲ್ಲ.

ಈ ಮಾತನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು ಕಣ್ಣೆದುರಿಗೇ ಇದೆ. ಹತ್ತಿರದಲ್ಲಿ ದೊಡ್ಡ ನದಿಯಿಲ್ಲದ, ದಿಬ್ಬದ ಮೇಲಿನ ಊರು ಅದು. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಮೇಲಿನ ಕೆರೆ ತುಂಬಿದರೆ ಕೋಡಿಯ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ ಹೋಗುತ್ತಿತ್ತು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಎದ್ದಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಕೆರೆಗಳ ನಡುವಿನ ಕಾಲುವೆಗಳು ಒಂದೊಂದಾಗಿ ಸವೆದವು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. 2024ರ ಬೇಸಿಗೆಯಲ್ಲಿ ಅದೇ ಊರು ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದು ನಿಂತಿತು. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದು ನಿಜ. ಆದರೆ ಬಿದ್ದಾಗ ನಿಲ್ಲಲು, ನೆಲಕ್ಕೆ ಇಳಿಯಲು ನೀರಿಗೆ ಜಾಗವಿಲ್ಲದ್ದೇ ನೆರೆಗೂ ಕಾರಣ, ಬರಕ್ಕೂ ಕಾರಣ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪು ಮಾಡಿ ಮೇಲೆತ್ತಿ ತರುವ ಊರು, ತನ್ನ ಸೂರಿನ ಮೇಲೆ ಬಿದ್ದ ನೀರನ್ನು ಮೋರಿಗೆ ಬಿಡುತ್ತದೆ. ಮಳೆನೀರು ಕೊಯ್ಲು 2009ರಿಂದ ಅಲ್ಲಿ ಕಡ್ಡಾಯ. ತಪಾಸಣೆಗೆ ಹೋದಾಗ ಗೋಡೆಗೆ ಹಾಕಿದ ಫಿಲ್ಟರ್ ಡಬ್ಬಿ ಕಂಡು ಟಿಕ್ ಮಾಡಬೇಡ, ಬಗ್ಗಿ ಪೈಪು ಎಲ್ಲಿ ಕೊನೆಯಾಗುತ್ತದೆ ನೋಡು. ಇಂಗುಬಾವಿಗೆ ಹೋಗಬೇಕಾದ್ದು ಚರಂಡಿಗೆ ಹೋಗುತ್ತಿರುತ್ತದೆ.

ಸರಿಪಡಿಸಲಾಗದು ಎಂದೂ ತಿಳಿಯಬೇಡ. ಒಮ್ಮೆ ಜಕ್ಕೂರು ಕೆರೆಗೆ ಹೋಗಿ ಬಾ. ಸಂಸ್ಕರಿಸಿದ ಕೊಳಚೆ ನೀರು ಅಲ್ಲಿ ಆಪು, ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದು ಇನ್ನಷ್ಟು ತಿಳಿಯಾಗಿ ಕೆರೆಗೆ ಸೇರುತ್ತದೆ. ಆ ಕೆರೆಯಲ್ಲಿ ಮೀನು ಹಿಡಿದು ಬದುಕುವವರಿದ್ದಾರೆ, ಸುತ್ತಲಿನ ಬಾವಿಗಳಿಗೂ ಜೀವ ಬಂದಿದೆ. ಊರಿನ ಕೊಳಚೆಯೂ ಊರಿನ ನೀರೇ ಎಂದು ಲೆಕ್ಕ ಹಾಕಿದವರು ಮಾಡಿದ ಕೆಲಸ ಅದು.

ಎರಡನೆಯದು ನಡೆಯುವವರು. 1898ರ ಪ್ಲೇಗಿನ ಕಾಲದಲ್ಲಿ ಬೆಂಗಳೂರಿನ ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದವು. ಗಾಳಿ ಬೆಳಕಿನ ಮನೆ, ಸಾಲುಮರದ ಅಗಲ ರಸ್ತೆ, ನಡೆದು ಹೋಗುವಷ್ಟು ದೂರದಲ್ಲಿ ಗುಡಿ, ಶಾಲೆ, ಮಾರುಕಟ್ಟೆ. ಬಸವನಗುಡಿಯ ಗಾಂಧಿ ಬಜಾರಿಗೆ ಹೋಗಿ ಹೂವು, ತರಕಾರಿ ತರಲು ಸುತ್ತಲಿನವರಿಗೆ ಇಂದಿಗೂ ಗಾಡಿ ಬೇಕಿಲ್ಲ. ಇದನ್ನು ಕಲಿ. ಜೊತೆಗೆ ಮಲ್ಲೇಶ್ವರದ ಮನೆಗಳ ಹಿಂದಿನ ಸಂದಿಗಳನ್ನೂ ನೋಡು. ಮಲ ಹೊರುವವರು ಹಿತ್ತಲ ಕಡೆಯಿಂದಲೇ ಬಂದು ಹೋಗಲಿ ಎಂದು ಬಿಟ್ಟ ದಾರಿಗಳವು. ಅಚ್ಚುಕಟ್ಟಾದ ನಕ್ಷೆಯಲ್ಲೂ ಜಾತಿ ಸದ್ದಿಲ್ಲದೆ ಕೂತಿರಬಹುದು ಎಂಬುದನ್ನೂ ಅಲ್ಲೇ ಕಲಿಯಬೇಕು.

ಫುಟ್‌ಪಾತ್ ಮಾತಿಗೆ ಬಂದರೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಸ್ಪಷ್ಟವಾಗಿದೆ. ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮ ಊರುಗಳಲ್ಲಿ ಅದು ಒಂದೊಂದು ಮನೆಯ ಗೇಟಿನ ಮುಂದೆಯೂ ಇಳಿದು ಹತ್ತುತ್ತದೆ, ನಡುವೆ ಒಂದು ಟ್ರಾನ್ಸ್‌ಫಾರ್ಮರ್, ಅದರಾಚೆ ಕಿತ್ತುಹೋದ ಕಲ್ಲುಚಪ್ಪಡಿ. ಕಾಮಗಾರಿ ಮುಗಿದ ಮೇಲೆ ಟೇಪು ಹಿಡಿದು ಅಳೆಯುವುದು ಇದ್ದೇ ಇದೆ. ಅದಕ್ಕೂ ಮೊದಲು ನಿಮ್ಮಜ್ಜಿಯನ್ನು ಕರೆದುಕೊಂಡು ಹೋಗಿ ಬಸ್ ಸ್ಟಾಪಿನವರೆಗೆ ನಡೆಸು. ಅಜ್ಜಿ ರಸ್ತೆಗೆ ಇಳಿದು ನಡೆದರೆ ಬಿಲ್ಲಿಗೆ ಸಹಿ ಹಾಕಬೇಡ.

ಮೂರನೆಯದು ದುಡಿಯುವವರು. ಹೊಸ ಬಡಾವಣೆಯಲ್ಲಿ ಪಾರ್ಕಿಗೆ, ನಾಗರಿಕ ಸೌಲಭ್ಯದ (ಸಿಎ) ಸೈಟಿಗೆ ಜಾಗ ಬಿಟ್ಟಿರುತ್ತಾರೆ. ಬೀದಿ ಗುಡಿಸುವವರು, ಮನೆಗೆಲಸದವರು, ಇಸ್ತ್ರಿ ಮಾಡುವವರು ರಾತ್ರಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಮಾತ್ರ ನಕ್ಷೆಯಲ್ಲಿ ಉತ್ತರವಿರುವುದಿಲ್ಲ. ಅವರು ಎರಡೆರಡು ಬಸ್ಸು ಬದಲಿಸಿ ಬರಬೇಕಾದ ಬಡಾವಣೆಯ ಸೂರಿನ ಮೇಲೆ ಸೋಲಾರ್ ಇದ್ದ ಮಾತ್ರಕ್ಕೆ ಅದನ್ನು ಸುಸ್ಥಿರ ಎನ್ನಲಾಗದು. ಬೀದಿ ಬದಿ ವ್ಯಾಪಾರಿಗಳ ವಿಚಾರದಲ್ಲಿ 2014ರ ಕಾಯ್ದೆ ನಿನ್ನ ಬೆನ್ನಿಗಿದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಸೊಪ್ಪು ಮಾರುವ ಹೆಂಗಸು ಆ ಮೂಲೆಯನ್ನೇ ಏಕೆ ಹಿಡಿದಿದ್ದಾಳೆ ಎಂದು ಒಂದು ಸಂಜೆ ನಿಂತು ನೋಡು. ಬಸ್ಸಿಳಿದವರು ಮನೆಗೆ ತಿರುಗುವ ಜಾಗ ಅದೇ ಆಗಿರುತ್ತದೆ. ಜನರ ಓಡಾಟವನ್ನು ನಿನಗಿಂತ ಮೊದಲು ಅವಳು ಓದಿಕೊಂಡಿರುತ್ತಾಳೆ.

ಮಾಸ್ಟರ್ ಪ್ಲಾನಿಗೆ ಆಕ್ಷೇಪಣೆ ಕರೆಯುವುದನ್ನು ಕಾನೂನಿನ ಶಾಸ್ತ್ರಕ್ಕೆ ಮುಗಿಸಬೇಡ. ಪತ್ರಿಕೆಯ ಮೂಲೆಯ ಪ್ರಕಟಣೆಯನ್ನು ದಲ್ಲಾಳಿಗಳು ಓದುತ್ತಾರೆ, ಜಮೀನು ಕಳೆದುಕೊಳ್ಳುವವರ ಕಣ್ಣಿಗೆ ಅದು ಬೀಳುವುದಿಲ್ಲ. ದೊಡ್ಡ ನಕ್ಷೆಯನ್ನು ಪಂಚಾಯಿತಿ ಕಟ್ಟೆಗೆ, ಸಂತೆಗೆ ಒಯ್ದು, ಸರ್ವೆ ನಂಬರಿನ ಜೊತೆಗೆ ಅರಳಿಕಟ್ಟೆ, ಗುಂಡುತೋಪು, ಸ್ಮಶಾನ ಎಂದು ಜನ ಗುರುತಿಸುವ ಹೆಸರುಗಳನ್ನೂ ಬರೆಸು. ಆಗ ಬರುವ ಆಕ್ಷೇಪಣೆಗಳು ಜಗಳದಂತೆ ಕೇಳಿಸುತ್ತವೆ. ತಾಳ್ಮೆಯಿಂದ ಕೇಳಿದರೆ ಅರ್ಧ ಸಮೀಕ್ಷೆ ಅಲ್ಲೇ ಆಗಿಹೋಗುತ್ತದೆ. ಬೆಂಗಳೂರು ಕೈಮೀರಿ ಬೆಳೆದಿದೆ. ನೀನು ಹೋಗುತ್ತಿರುವಂಥ ಜಿಲ್ಲಾ ಕೇಂದ್ರಗಳಲ್ಲಿ ಕೆರೆ, ಕಾಲುವೆ, ತೋಪುಗಳನ್ನು ಉಳಿಸಿಕೊಳ್ಳಲು ಇನ್ನೂ ಹೊತ್ತಿದೆ.

ಒತ್ತಡ ಬಂದೇ ಬರುತ್ತದೆ. ಮೇಲಿನಿಂದ ಫೋನು ಬರುತ್ತದೆ, 'ಈ ಕಾಲುವೆಯಲ್ಲಿ ಈಗ ನೀರೆಲ್ಲಿದೆ ಮೇಡಂ' ಎನ್ನುವವರು ಬರುತ್ತಾರೆ. ಯಾರೊಂದಿಗೂ ವಾದಕ್ಕಿಳಿಯಬೇಡ. ನೀನು ಕಂಡದ್ದನ್ನು ಸರ್ವೆ ನಂಬರು, ತಾರೀಖು, ಫೋಟೋ ಸಮೇತ ಕಡತದ ಟಿಪ್ಪಣಿಯಲ್ಲಿ ನೇರವಾಗಿ ಬರೆ. ಬಾಯಲ್ಲಿ ಹೇಳಿದ ಆಕ್ಷೇಪ ಆ ಕೋಣೆ ದಾಟುವುದಿಲ್ಲ. ನಿನ್ನ ಮಾತು ಮೀರಿ ಅನುಮೋದನೆ ಸಿಕ್ಕರೂ, ನಿನಗೆ ವರ್ಗವಾದರೂ ಬರೆದದ್ದು ಅಲ್ಲೇ ಇರುತ್ತದೆ. ನಾಳೆ ನಿನ್ನ ಕುರ್ಚಿಗೆ ಬರುವವರಿಗೆ, ಕೋರ್ಟಿಗೆ ಹೋಗುವ ಊರಿನವರಿಗೆ ಆಧಾರವಾಗುವುದು ಆ ನಾಲ್ಕು ಸಾಲು. ಆದ್ದರಿಂದ ಅಕ್ಷರ ಬಿಡಿಸಿ ಬರೆ, ಕೆಳಗೆ ಪೂರ್ತಿ ಹೆಸರು ಹಾಕು.

ನಿನ್ನ ದೊಡ್ಡಪ್ಪ